ಅಕ್ಕಿ ಅದ ರೀ, ಎಣ್ಣಿ ಇಲ್ಲ

ನಾನು ಕಲಬುರಗಿಯ ನೆಹರೂ ಗಂಜ್‌ನಲ್ಲಿ ಅಡತ್ (ದಲ್ಲಾಳಿ) ಅಂಗಡಿಯೊಂದರ ಲೆಕ್ಕ ಬರೆಯುವವನು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಿತ್ತು. ನಮ್ಮ ಓಣಿಯ ಹಿಂದೆ ಹಮಾಲರು, ಗೌಂಡಿಗಳ ಮನೆಗಳಿವೆ. ದಿನದ ಕೂಲಿ ನಿಂತರೆ ಅಲ್ಲಿ ಒಲೆಯೂ ನಿಲ್ಲುತ್ತದೆ. ಏಳು ಜನ ಸೇರಿ ಪಟ್ಟಿ ಎತ್ತಿದೆವು. ದುಡ್ಡು ಬೇಗ ಬಂತು. ಶರಣಬಸವೇಶ್ವರರ ದಾಸೋಹ ಕಂಡ ಊರು, ಕೈ ಹಿಂದೆ ಹೋಗಲಿಲ್ಲ.

ತಪ್ಪಿದ್ದು ನಾವು. ಮೊದಲ ವಾರ ಎಲ್ಲರಿಗೂ ಒಂದೇ ಕಿಟ್: ಹತ್ತು ಕೆಜಿ ಅಕ್ಕಿ, ಒಂದು ಕೆಜಿ ಬೇಳೆ. ಜೊತೆಗೆ ಫೋಟೊ ಬೇರೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಎರಡನೇ ಸಲ ಹೋದಾಗ ಒಬ್ಬ ತಾಯಿ ಚೀಲ ಮುಟ್ಟಲೇ ಇಲ್ಲ.

“ಅಕ್ಕಿ ಅದ ರೀ ಅಣ್ಣಾರ, ರೇಷನ್‌ದಾಗ ಬಂದದ. ಎಣ್ಣಿ ಇಲ್ಲ, ಖಾರಪುಡಿ ಇಲ್ಲ.”

ಸರ್ಕಾರ ಆಗ ಕಾರ್ಡಿನವರಿಗೆ ತಲೆಗೆ 5 ಕೆಜಿ ಹೆಚ್ಚುವರಿ ಧಾನ್ಯ ಪುಕ್ಕಟೆ ಕೊಡುತ್ತಿತ್ತು. ನಾವು ಅದರ ಮೇಲೆ ಮತ್ತೆ ಅಕ್ಕಿಯನ್ನೇ ಹೊರುತ್ತಿದ್ದೆವು. ಅದೂ ಜೋಳದ ರೊಟ್ಟಿ ತಿನ್ನುವ ಮಂದಿಗೆ!

ಕಿಟ್ ಬಿಟ್ಟೆವು. ಗೆಳೆಯನ ಮುಚ್ಚಿದ ಟೇಲರ್ ಅಂಗಡಿಯಲ್ಲಿ ಹಲಗೆ ಹೊಡೆದು ಎಣ್ಣೆ, ಉಪ್ಪು, ಖಾರ, ಸಾಬೂನು, ಜೋಳದ ಹಿಟ್ಟು ಇಟ್ಟೆವು. ಬಂದವರು ಬೇಕಾದ ಐದು ಸಾಮಾನು ತಾವೇ ಆರಿಸಿಕೊಳ್ಳಬೇಕು. ನೋಟ್‌ಬುಕ್‌ನಲ್ಲಿ ಹೆಸರಿಲ್ಲ, ಸಾಮಾನಿನ ಲೆಕ್ಕ ಮಾತ್ರ. ಕಾರ್ಡನ್ನೂ ಕೇಳಲಿಲ್ಲ. ಮುಂಬೈ, ಪುಣೆಯಿಂದ ವಾಪಸ್ ಬಂದವರಲ್ಲಿ ಎಷ್ಟೋ ಜನರ ಹತ್ತಿರ ಅದು ಇರಲಿಲ್ಲ. ಪರಿಚಯದ ದಾಲ್ ಮಿಲ್‌ನವರು ತುಂಡು ತೊಗರಿ ಬೇಳೆ ಕೊಟ್ಟರು. ರುಚಿಗೆ ಏನೂ ಕಡಿಮೆ ಇಲ್ಲ, ನೋಡಲಿಕ್ಕೆ ಚೆಂದ ಇಲ್ಲ ಅಷ್ಟೇ. ಎಲ್ಲರೂ ಬಾಚಿಕೊಂಡು ಹೋಗುತ್ತಾರೆ ಅಂತ ಹೆದರಿಸಿದವರಿದ್ದರು. ಹಾಗೇನೂ ಆಗಲಿಲ್ಲ. ಮೂರೇ ಸಾಮಾನು ಸಾಕು ಅಂದವರೇ ಜಾಸ್ತಿ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿತು. ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿತು. ಒಲೆಯೇ ಮುಳುಗಿದವರಿಗೆ ಹಿಟ್ಟು ಕೊಟ್ಟು ಏನು ಮಾಡುವುದು? ಮನೆಗೆ ಹತ್ತು ರೊಟ್ಟಿ ಕೊಡಿ ಅಂತ ಓಣಿಯಲ್ಲಿ ಕೇಳಿದೆವು. ಸಂಜೆಯೊಳಗೆ ರಾಶಿ ಬಿತ್ತು. ನಾನು ಗಡಿಬಿಡಿಯಲ್ಲಿ ಬಿಸಿ ರೊಟ್ಟಿಯನ್ನೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿಟ್ಟೆ. ಮರುದಿನ ಬಿಚ್ಚಿದರೆ ಒಳಗೆಲ್ಲ ಬೆವರು, ಹುಳಿ ವಾಸನೆ. ಅಷ್ಟೂ ದನಕ್ಕೆ ಹೋಯಿತು. ನಮ್ಮವ್ವ ಬೈದು ಆಮೇಲೆ ತಾನೇ ಕೂತು ತೋರಿಸಿದಳು: ಹಂಚಿನ ಮೇಲೆ ಒತ್ತಿ ಒತ್ತಿ ಕಡಕ್ ಮಾಡಬೇಕು, ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸಬೇಕು, ಮುರಿದರೆ ಟಕ್ ಅನ್ನಬೇಕು. ಆಮೇಲೆ ಪೇಪರಿನಲ್ಲಿ ಸುತ್ತಬೇಕು. ಜೊತೆಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಆ ರೊಟ್ಟಿ ನೆರೆ ಸಂತ್ರಸ್ತರ ಕಾಳಜಿ ಕೇಂದ್ರದಲ್ಲಿ ವಾರವಿದ್ದರೂ ಕೆಡಲಿಲ್ಲ.

ಹಲಗೆಗಳು ಈಗಲೂ ಇವೆ. ಸುಗ್ಗಿಯಲ್ಲಿ ಜೋಳ ಬರುತ್ತದೆ, ಬೇವಿನೆಲೆ ಹಾಕಿ ಇಡುತ್ತೇವೆ. ತೊಗರಿ ರಾಶಿಯಾದ ಮೇಲೆ ಬೇಳೆಗೂ ಕೊರತೆಯಿಲ್ಲ. ರೇಟು ಏರಿದಾಗ ಮೊದಲು ಖಾಲಿಯಾಗುವುದು ಎಣ್ಣೆ. ಕೊಡುವವರು ಮಾತ್ರ ಇನ್ನೂ ಅಕ್ಕಿಯನ್ನೇ ತಂದಿಡುತ್ತಾರೆ.