ಕ್ಲಚ್ ತುಳಿದರೆ ಮಾತ್ರ ಕೂಗುತ್ತಿತ್ತು

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಒಳಗೆ ಕಾರು ಓಡಿಸಿದವರಿಗೆ ಗೊತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ನಾವು. ಫಸ್ಟ್ ಗೇರ್, ಹಾಫ್ ಕ್ಲಚ್, ಮತ್ತೆ ಬ್ರೇಕ್. ಹಾಗೇ ಒಂದು ಸಂಜೆ ಕ್ಲಚ್ ಪೆಡಲ್ ತುಳಿದಾಗಲೆಲ್ಲ 'ಸುಯ್ಯ್' ಅಂತ ಸದ್ದು. ಕಾಲು ತೆಗೆದರೆ ಇಲ್ಲ.

ಮನೆಗೆ ಬಂದು ನ್ಯೂಟ್ರಲ್‌ನಲ್ಲಿ ಇಂಜಿನ್ ಆನ್ ಇಟ್ಟು ಪೆಡಲ್ ನಿಧಾನಕ್ಕೆ ಒತ್ತಿದೆ. ಫ್ರೀ ಪ್ಲೇ, ಅಂದರೆ ಮೊದಲಿನ ಸಡಿಲ ಓಡಾಟ, ಮುಗಿದು ಪೆಡಲ್ ಬಿಗಿಯಾಗುವ ಜಾಗದಲ್ಲೇ ಸದ್ದು ಶುರು. ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗೇ ಅಂದುಕೊಂಡೆ. ಇದರ ಉಲ್ಟಾ ಆಗಿದ್ದರೆ, ಅಂದರೆ ಪೆಡಲ್ ಬಿಟ್ಟಾಗ ಸದ್ದು ಬಂದು ತುಳಿದಾಗ ನಿಂತಿದ್ದರೆ, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ ಪಡುತ್ತಿದ್ದೆ.

ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಇಂಜಿನ್ ಜೊತೆ ಗಿರಗಿರ ತಿರುಗುತ್ತಿರುತ್ತದೆ. ಅದರ ನಡುವೆ ಬೆರಳುಗಳ ಹಾಗಿರುವ ಸ್ಪ್ರಿಂಗ್. ಪೆಡಲ್ ತುಳಿದು ಕೇಬಲ್ ಎಳೆದಾಗ ಫೋರ್ಕ್ ಅನ್ನುವ ಸನ್ನೆ ಆ ಬೆರಳುಗಳನ್ನು ಒತ್ತಬೇಕು, ಆಗಲೇ ಕ್ಲಚ್ ಪ್ಲೇಟ್ ಸಡಿಲ ಆಗುವುದು. ಆದರೆ ಫೋರ್ಕ್ ತಿರುಗುವುದಿಲ್ಲ. ನೇರ ಒತ್ತಿದರೆ ಎರಡೂ ಉಜ್ಜಿ ಹಾಳಾಗುತ್ತವೆ. ನಡುವೆ ಕೂತು ಆ ಒತ್ತಡವನ್ನೆಲ್ಲ ತಿನ್ನುವುದು ಈ ರಿಲೀಸ್ ಬೇರಿಂಗ್.

ಭಾನುವಾರ ಅಂಗಳದಲ್ಲಿ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಭಾವಮೈದನ ಜೊತೆ ಗೇರ್‌ಬಾಕ್ಸ್ ಇಳಿಸಿದೆ. ಬೇರಿಂಗ್ ಕೈಗೆ ಬಂತು. ಬೆರಳಲ್ಲಿ ತಿರುಗಿಸಿದರೆ ಮರಳು ಸೇರಿದ ಹಾಗೆ ಗರಗರ. ಒಳಗೆ ಗ್ರೀಸೇ ಇಲ್ಲ.

ಅದು ನನ್ನದೇ ಜಾಣತನ. ಹೋದ ವರ್ಷ ಕ್ಲಚ್ ಪ್ಲೇಟ್ ಹಾಕಿಸುವಾಗ 'ಬೇರಿಂಗ್ ಚೆನ್ನಾಗಿದೆಯಲ್ಲ' ಅಂತ ದುಡ್ಡು ಉಳಿಸಲು ಅದನ್ನೇ ಪೆಟ್ರೋಲ್‌ನಲ್ಲಿ ತೊಳೆದು ಕೊಟ್ಟಿದ್ದೆ. ಇದು ಸೀಲ್ ಮಾಡಿದ ಬೇರಿಂಗ್, ಬಟ್ಟೆಯಲ್ಲಿ ಒರೆಸಬೇಕು ಅಷ್ಟೇ. ಪೆಟ್ರೋಲ್ ಒಳಗೆ ಇಳಿದು ಗ್ರೀಸ್ ಕರಗಿಸಿತ್ತು. ಉಳಿಸಿದ ದುಡ್ಡಿಗಿಂತ ಎರಡನೇ ಸಲ ಗೇರ್‌ಬಾಕ್ಸ್ ಇಳಿಸುವ ಕಷ್ಟವೇ ಜಾಸ್ತಿ ಆಯ್ತು. ಈಗ ಗೇರ್‌ಬಾಕ್ಸ್ ಯಾವ ಕಾರಣಕ್ಕೆ ಇಳಿದರೂ ನಾನು ಬೇರಿಂಗ್ ಹೊಸದೇ ಹಾಕುತ್ತೇನೆ. ಸದ್ದು ಬಂದಮೇಲೆ ಓಡಿಸುತ್ತಾ ಹೋದರೆ ಬೇರಿಂಗ್ ತಿರುಗದೆ ಹಿಡಿದುಕೊಂಡು ಸ್ಪ್ರಿಂಗಿನ ಬೆರಳುಗಳನ್ನೂ ಕೊರೆಯುತ್ತದೆ. ನಮ್ಮದರಲ್ಲಿ ತುದಿಗಳು ಹೊಳೆಯುತ್ತಿದ್ದವು, ಗುಂಡಿ ಬಿದ್ದಿರಲಿಲ್ಲ. ಬಚಾವ್.

ಹೊಸ ಬೇರಿಂಗ್ ಜಾರುವ ಕೊಳವೆಗೂ ಫೋರ್ಕ್ ತುದಿಗೂ ತೆಳ್ಳಗೆ ಗ್ರೀಸ್ ಸವರಿದೆ. ಮೆತ್ತಿದರೆ ಅದು ಕ್ಲಚ್ ಪ್ಲೇಟಿಗೆ ಸಿಡಿಯುತ್ತದೆ. ಕೊನೆಗೆ ಕೇಬಲ್‌ಗೆ ಫ್ರೀ ಪ್ಲೇ ಕೊಡುತ್ತಿದ್ದಾಗ ಭಾವಮೈದ ಕಾರಿನ ಅಡಿಯಿಂದಲೇ ಕೇಳಿದ: "ಪೆಡಲ್ ಮೇಲೆ ಕಾಲು ಮಡಗ್ಕೊಂಡೇ ಓಡಿಸ್ತೀರಲ್ಲ ಭಾವ, ಇದಾದ್ರೂ ಹೆಂಗೆ ಉಳಿಯುತ್ತೆ?"

ಸ್ಪ್ಯಾನರ್ ಕೊಡು ಅಂದೆ.