ಮೊದಲು ಬ್ಯಾಟರಿ ಆರಿಸಿ, ಮಶೀನ್ ಆಮೇಲೆ

ಕಟ್ಟುತ್ತಿರುವ ಮನೆಯ ಎರಡನೇ ಮಹಡಿಯಲ್ಲಿ ಸಂಜೆ ಹೊತ್ತು ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಕೆಳಗೆ ಟೆಂಪರರಿ ಮೀಟರ್, ಅಲ್ಲಿಂದ ಮೂರು ಕಡೆ ಟೇಪ್ ಸುತ್ತಿದ ವೈರು ಮೆಟ್ಟಿಲು ಹತ್ತಿ ಬಂದಿರುತ್ತದೆ. ತುದಿಗೆ ಪ್ಲಗ್ ಇರುವುದಿಲ್ಲ. ತಾಮ್ರದ ಎಳೆಗಳನ್ನೇ ಸಾಕೆಟ್‌ಗೆ ತುರುಕಿ, ಬೀಳದ ಹಾಗೆ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ನೆಲದ ಮೇಲೆ ಕ್ಯೂರಿಂಗ್ ನೀರು ನಿಂತಿರುತ್ತದೆ. ವೈರಿಂಗ್, ಇಂಟೀರಿಯರ್ ಕೆಲಸ ಮಾಡಿಸುವ ನಾನು ಬ್ಯಾಟರಿ ಮಶೀನ್‌ಗಳಿಗೆ ಬದಲಾಗಿದ್ದು ಈ ವೈರಿನ ಭಯಕ್ಕೇ. ಹೊಸದಾಗಿ ಕೊಳ್ಳುವವರು ಯಾವುದು ತಗೊಳ್ಳಲಿ ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಅಂಗಡಿಗೆ ಹೋದರೆ ಎಲ್ಲರೂ ಮೊದಲು ಡ್ರಿಲ್ ಕೈಗೆತ್ತಿಕೊಳ್ಳುತ್ತಾರೆ. ನೀವು ಬ್ಯಾಟರಿ ಕೇಳಿ. ಬಾಷ್ ಕಂಪನಿಯ ಬ್ಯಾಟರಿ ಮಕೀಟಾ ಕಂಪನಿಯ ಮಶೀನ್‌ಗೆ ಕೂರುವುದಿಲ್ಲ, ಮಕೀಟಾದು ಡಿವಾಲ್ಟ್‌ಗೆ ಕೂರುವುದಿಲ್ಲ. ಬಾಷ್‌ನಲ್ಲೇ ನೀಲಿ ಬಣ್ಣದ 18 ವೋಲ್ಟ್ ಮಶೀನ್‌ನ ಬ್ಯಾಟರಿ ಹಸಿರು ಬಣ್ಣದ್ದಕ್ಕೆ ಆಗುವುದಿಲ್ಲ. ಇವತ್ತು ತಗೊಂಡ ಡ್ರಿಲ್ಲೇ ನಾಳೆ ಕಬ್ಬಿಣ, ಟೈಲ್ಸ್ ಕೊಯ್ಯುವ ಗ್ರೈಂಡರ್ ಯಾವುದು, ಲೈಟ್ ಯಾವುದು ಅನ್ನೋದನ್ನೂ ತೀರ್ಮಾನ ಮಾಡಿಬಿಡುತ್ತದೆ. ಹಾಗಾಗಿ ಮುಂದಿನ ಎರಡು ವರ್ಷಕ್ಕೆ ಏನೇನು ಬೇಕಾಗಬಹುದು ಅಂತ ಒಂದು ಚೀಟಿಯಲ್ಲಿ ಬರೆದು, ಅಷ್ಟೂ ಒಂದೇ ಬ್ಯಾಟರಿಗೆ ಸಿಗುತ್ತದಾ ಅಂತ ನೋಡಿ. ಬೇರೆ ಕಂಪನಿ ಬ್ಯಾಟರಿ ಕೂರಿಸುವ ಅಡಾಪ್ಟರ್ ಸಿಗುತ್ತದೆ, ನಿಜ, ಆದರೆ ಬ್ಯಾಟರಿ ಬಿಸಿಯಾದಾಗ, ಖಾಲಿಯಾದಾಗ ಮಶೀನನ್ನು ನಿಲ್ಲಿಸುವ ರಕ್ಷಣೆ ಅದರಲ್ಲಿ ತಪ್ಪಿಹೋಗಬಹುದು. ನಾನು ಬಳಸುವುದಿಲ್ಲ.

ವೋಲ್ಟ್ ವಿಷಯದಲ್ಲಿ ಮೋಸ ಹೋಗುವವರು ಜಾಸ್ತಿ. ಲಿಥಿಯಂ ಅಯಾನ್ ಸೆಲ್ ಒಂದು ಸಾಮಾನ್ಯವಾಗಿ 3.6 ವೋಲ್ಟ್. ಐದನ್ನು ಸಾಲಾಗಿ ಜೋಡಿಸಿದರೆ 18. ಫುಲ್ ಚಾರ್ಜ್ ಆದ ಕೂಡಲೇ ಅಳೆದರೆ ಅದೇ ಐದು ಸೆಲ್ ಸುಮಾರು 20-21 ತೋರಿಸುತ್ತವೆ. ಅಂದರೆ ಡಬ್ಬಿ ಮೇಲೆ 18 ಇರಲಿ, 20 ಇರಲಿ, 21 ಇರಲಿ, ಮೂರೂ ಒಂದೇ ಜಾತಿ. 12 ವೋಲ್ಟ್ ಅನ್ನುವುದು ಮೂರು ಸೆಲ್, ನಿಜಕ್ಕೆ 10.8. ಆನ್‌ಲೈನ್‌ನಲ್ಲಿ 48ವಿಎಫ್, 88ವಿಎಫ್, 128ವಿಎಫ್ ಅಂತ ದೊಡ್ಡದಾಗಿ ಬರೆದು ಮಾರುತ್ತಾರಲ್ಲ, ನಾನೂ ಒಂದು ತಂದಿದ್ದೆ. ನಾಲ್ಕು ತಿಂಗಳಿಗೆ ಚಾರ್ಜ್ ನಿಲ್ಲದ ಹಾಗಾಯಿತು. ಪ್ಯಾಕ್ ಬಿಚ್ಚಿ ನೋಡಿದರೆ ಒಳಗೆ ಐದೇ ಸೆಲ್. ಬದಲಿ ಬ್ಯಾಟರಿ ಎಲ್ಲೂ ಸಿಗದೆ ಮಶೀನ್ ಗುಜರಿಗೆ ಹೋಯಿತು.

ನೋಡಬೇಕಾದ ಲೆಕ್ಕ ಬೇರೆ. ವೋಲ್ಟನ್ನು ಬ್ಯಾಟರಿ ಮೇಲೆ ಬರೆದ ಆಂಪಿಯರ್-ಅವರ್‌ನಿಂದ (ಎಎಚ್) ಗುಣಿಸಿ, ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ಇದೆ ಅಂತ ಗೊತ್ತಾಗುತ್ತದೆ. 18 ವೋಲ್ಟ್ 2 ಎಎಚ್ ಅಂದರೆ 36 ವ್ಯಾಟ್-ಅವರ್. 5 ಎಎಚ್ ಆದರೆ 90. ಸ್ಕ್ರೂ ಹಾಕುವ ಕೆಲಸಕ್ಕೆ, ಅದರಲ್ಲೂ ಏಣಿ ಮೇಲೆ ಜಿಪ್ಸಮ್ ಸೀಲಿಂಗ್ ಮಾಡುವವರಿಗೆ, 2 ಎಎಚ್ ಒಳ್ಳೆಯದು, ಹಗುರ ಇರುವುದರಿಂದ ಕೈ ಸೋಲುವುದಿಲ್ಲ. ಗ್ರೈಂಡರ್‌ಗೂ ಲೈಟ್‌ಗೂ 4 ಅಥವಾ 5 ಎಎಚ್ ಬೇಕೇ ಬೇಕು.

ಡ್ರಿಲ್ ಆರಿಸುವಾಗ ಗೋಡೆ ನೋಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಕರಾವಳಿಯ ಮುರಕಲ್ಲು ಇವಕ್ಕೆಲ್ಲ 18 ವೋಲ್ಟಿನ ಇಂಪ್ಯಾಕ್ಟ್ ಡ್ರಿಲ್ (ತಿರುಗುತ್ತಲೇ ಕುಟ್ಟುವ ಡ್ರಿಲ್) ಸಾಕು. ಹಗುರವಾದ ಎಎಸಿ ಬ್ಲಾಕ್ ಇದ್ದರೆ ಹ್ಯಾಮರ್ ಮೋಡ್ ಆಫ್ ಮಾಡಿ ಸುಮ್ನೆ ತಿರುಗಿಸಿ, ಇಲ್ಲದಿದ್ದರೆ ತೂತು ಅಗಲವಾಗಿ ರಾಲ್ ಪ್ಲಗ್ ನಿಲ್ಲುವುದಿಲ್ಲ. ಆರ್‌ಸಿಸಿ ಸ್ಲ್ಯಾಬು, ಬೀಮು, ಬೆಂಗಳೂರಿನ ಹಳೇ ಮನೆಗಳ ಸೈಜುಗಲ್ಲಿನ ಗೋಡೆ ಬಂದರೆ ಮಾತ್ರ ಇಂಪ್ಯಾಕ್ಟ್ ಡ್ರಿಲ್‌ನಿಂದ ಹೊಡೆದಾಡಬೇಡಿ. ಅದಕ್ಕೆ ಎಸ್‌ಡಿಎಸ್ ಬಿಟ್ (ಬುಡದಲ್ಲಿ ಕಾಲುವೆ ಥರ ಗೀರು ಇರುವ ಬಿಟ್) ಹಾಕುವ ರೋಟರಿ ಹ್ಯಾಮರ್ ಬೇಕು. ಡ್ರಿಲ್ಲನ್ನು ಮೈಭಾರ ಹಾಕಿ ಒತ್ತಬೇಕಾಗುತ್ತದೆ, ಹ್ಯಾಮರ್ ಮಶೀನ್ ತಾನೇ ಕುಟ್ಟುತ್ತದೆ. ದಿನಕ್ಕೆ ಐವತ್ತು ಅರವತ್ತು ತೂತು ಹಾಕುವವರು ಬ್ರಷ್‌ಲೆಸ್ ಮೋಟರ್ ಇರುವುದನ್ನೇ ತಗೊಳ್ಳಿ. ಕಾರ್ಬನ್ ಬ್ರಷ್ ಬದಲಿಸುವ ಗೋಜಿಲ್ಲ, ಅದೇ ಚಾರ್ಜ್‌ನಲ್ಲಿ ಜಾಸ್ತಿ ಕೆಲಸವಾಗುತ್ತದೆ. ತಿಂಗಳಿಗೊಮ್ಮೆ ಬಳಸುವವರಿಗೆ ಆ ಖರ್ಚು ಬೇಡ.

ಗ್ರೈಂಡರ್ ಬಗ್ಗೆ ಒಂದೇ ಮಾತು, ದಯವಿಟ್ಟು ಕೇಳಿ. ಗಾರ್ಡ್ ಬಿಚ್ಚಬೇಡಿ, ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಅದಕ್ಕೆ ಹಾಕಬೇಡಿ. ವೈರಿಲ್ಲ ಅಂದ ಮಾತ್ರಕ್ಕೆ ಬ್ಲೇಡಿನ ವೇಗ ಕಡಿಮೆ ಇರುವುದಿಲ್ಲ. ಪ್ಲೈವುಡ್ ಕೊಯ್ಯಲು ಅದೇ ಬ್ಯಾಟರಿಗೆ ಸರ್ಕ್ಯುಲರ್ ಸಾ ಸಿಗುತ್ತದೆ.

ಇನ್ನು ಲೈಟು. ಎಲ್ಲರೂ ಇದನ್ನು ಕೊನೆಗೆ, ಉಳಿದ ದುಡ್ಡಿನಲ್ಲಿ ತರುತ್ತಾರೆ. ನನ್ನ ಪ್ರಕಾರ ಡ್ರಿಲ್ ಆದ ಮೇಲೆ ಎರಡನೇದೇ ಇದು. ಒಂದು ಫ್ಲಾಟ್‌ನಲ್ಲಿ ಪುಟ್ಟಿ ಕೆಲಸವನ್ನು ಸೀಲಿಂಗ್ ಮಧ್ಯದ ಒಂದು ಬಲ್ಬಿನಲ್ಲೇ ಮುಗಿಸಿದ್ದೆವು, ಗೋಡೆ ಕನ್ನಡಿ ಹಾಗೆ ಕಾಣುತ್ತಿತ್ತು. ಮನೆಯವರು ಬಂದು ಗೋಡೆ ಪಕ್ಕದ ಲೈಟ್ ಹಾಕಿದ ಕೂಡಲೇ ಅಲೆ ಅಲೆಯಾಗಿ ಎಲ್ಲ ಎದ್ದು ಕಂಡಿತು. ಎರಡು ಗೋಡೆ ಮತ್ತೆ ಉಜ್ಜಿ ಪೇಂಟ್ ಮಾಡಿಸಬೇಕಾಯಿತು. ಪುಟ್ಟಿಗೆ ಲೈಟನ್ನು ಗೋಡೆಗೆ ಹತ್ತಿರ, ಪಕ್ಕದಿಂದ ಓರೆಯಾಗಿ ಬೀಳುವ ಹಾಗೆ ಇಡಬೇಕು. ಆಗ ಚಿಕ್ಕ ಉಬ್ಬು ತಗ್ಗಿಗೂ ನೆರಳು ಬೀಳುತ್ತದೆ. ಅದಕ್ಕೇ ತಲೆ ತಿರುಗುವ, ಸ್ಟ್ಯಾಂಡ್‌ಗೆ ಕೂರುವ ಲೈಟ್ ಬೇಕು ಅನ್ನುವುದು.

ಬೆಳಕಿನ ಅಳತೆ ಲುಮೆನ್. ಹತ್ತು ಹನ್ನೆರಡು ಅಡಿ ರೂಮಿಗೆ 2000 ಲುಮೆನ್ ಸಾಕು, ಹಾಲ್‌ಗೆ 3000 ಇದ್ದರೆ ಒಳ್ಳೆಯದು, ಸಿಂಕ್ ಕೆಳಗೆ ಅಥವಾ ಡಿಬಿ ಬಾಕ್ಸ್ (ಮನೆಯ ಎಂಸಿಬಿ ಸ್ವಿಚ್‌ಗಳಿರುವ ಡಬ್ಬಿ) ಮುಂದೆ ಕೂರುವುದಕ್ಕೆ 300 ಆದರೂ ಆಗುತ್ತದೆ. ಎಲ್‌ಇಡಿ ಒಂದು ವ್ಯಾಟ್‌ಗೆ ಸುಮಾರು 100 ಲುಮೆನ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. 2000 ಲುಮೆನ್‌ಗೆ 20 ವ್ಯಾಟ್, ಆಗ 5 ಎಎಚ್ ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ, 2 ಎಎಚ್ ಎರಡು ಗಂಟೆಯೊಳಗೇ ಮುಗಿಯುತ್ತದೆ. ಡಬ್ಬಿಯಲ್ಲಿ ಹನ್ನೆರಡು ಗಂಟೆ ಅಂತ ಬರೆದಿದ್ದರೆ ಅದು ಕಡಿಮೆ ಬೆಳಕಿನ ಲೆಕ್ಕ ಇರಬಹುದು, ಕೇಳಿ ನೋಡಿ. ಪೇಂಟು, ಲ್ಯಾಮಿನೇಟ್ ಬಣ್ಣ ಹೊಂದಿಸುವವರು ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) 90ರ ಮೇಲಿರುವುದನ್ನು ಹುಡುಕಿ, ಬೆಳಕಿನ ಬಣ್ಣ ಹೇಳುವ ಕಲರ್ ಟೆಂಪರೇಚರ್ 4000ದಿಂದ 5000 ಕೆಲ್ವಿನ್ ಇರಲಿ. 6500ರ ನೀಲಿ ಬೆಳಕಿನಲ್ಲಿ ಕ್ರೀಮ್ ಬಣ್ಣ ಬಿಳಿ ಥರ ಕಾಣುತ್ತದೆ. ಸಿಮೆಂಟ್ ಧೂಳಿಗೆ, ನೀರಿನ ಸಿಡಿತಕ್ಕೆ ಧೂಳು, ನೀರು ತಡೆಯುವ ಮಟ್ಟ ಹೇಳುವ ಐಪಿ ನಂಬರ್ 54 ಆದರೂ ಇರಬೇಕು. ಬ್ಯಾಟರಿಗೂ ಕರೆಂಟಿಗೂ ಎರಡಕ್ಕೂ ಓಡುವ ಲೈಟ್ ಸಿಕ್ಕರೆ ಬಿಡಬೇಡಿ. ಮೆಟ್ಟಿಲ ಬಳಿ ಕೆಲಸ ಮಾಡುವವರ ತಲೆಗೆ ಒಂದು ಹೆಡ್ ಟಾರ್ಚ್ ಇರಲಿ, ಕೆಲವು ಲೈಟು ಬ್ಯಾಟರಿ ಮುಗಿದಾಗ ಗಕ್ಕನೆ ಆರಿಹೋಗುತ್ತದೆ.

ಬೆಂಗಳೂರಿನಲ್ಲಿ ಇಂಥ ಅಂಗಡಿಗಳಿರುವ ಎಸ್‌ಜೆಪಿ ರೋಡಿಗೇ ಹೋಗಿ, ನಿಮ್ಮೂರಿನ ಅಂಗಡಿಗೇ ಹೋಗಿ, ಡಬ್ಬಿ ತೆರೆಸಿ ನೋಡಿ. ‘ಸೋಲೋ’ ಅಂತ ಬರೆದಿದ್ದರೆ ಬ್ಯಾಟರಿ, ಚಾರ್ಜರ್ ಎರಡೂ ಇರುವುದಿಲ್ಲ, ಬೆಲೆ ಕಡಿಮೆ ಕಂಡಿದ್ದು ಅದಕ್ಕೇ. ಬಿಲ್ ಹಾಕಿಸಿ, ನಿಮ್ಮ ಊರಲ್ಲಿ ಸರ್ವಿಸ್ ಸೆಂಟರ್ ಇದೆಯಾ ಕೇಳಿ.

ಬ್ಯಾಟರಿಗೆ ಬಿಸಿಯೇ ಶತ್ರು. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಡಬೇಡಿ. ಗ್ರೈಂಡರ್‌ನಿಂದ ತೆಗೆದ ಬಿಸಿ ಬ್ಯಾಟರಿ ಆರಿದ ಮೇಲೆ ಚಾರ್ಜ್‌ಗೆ ಹಾಕಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿ ಇಡಿ. ತಂದ ದಿನವೇ ಮಾರ್ಕರ್‌ನಲ್ಲಿ ಬ್ಯಾಟರಿ ಮೇಲೆ ನಿಮ್ಮ ಹೆಸರು, 1, 2 ಅಂತ ನಂಬರ್, ತಾರೀಕು ಬರೆದುಬಿಡಿ. ಸೈಟಿನಲ್ಲಿ ಮೂರು ತಂಡ ಒಂದೇ ಬಣ್ಣದ ಮಶೀನ್ ಹಿಡಿದಿರುವಾಗ ಬ್ಯಾಟರಿ ಅದಲು ಬದಲಾಗುತ್ತದೆ, ಮತ್ತೆ ಎರಡರಲ್ಲಿ ಯಾವುದು ಸೋಲುತ್ತಿದೆ ಅಂತ ವಾರಂಟಿ ಮುಗಿಯುವ ಮೊದಲೇ ಗೊತ್ತಾಗಬೇಕಲ್ವಾ.