ಭಾನುವಾರ, ಆಲ್ಟೊ, ಸ್ಕ್ರೂಡ್ರೈವರ್

ಈ ಕಾರಿಗೆ ನಾನು ಕೈಯಾರೆ ಮಾಡಿದ ಮೊದಲ ಕೆಲಸವೇ ತಪ್ಪು ಕೆಲಸ. ಮಡ್ ಫ್ಲ್ಯಾಪ್ ಹಾಕೋಣ ಅಂತ ಹಿಂದಿನ ಚಕ್ರದ ಹತ್ತಿರ ತಗಡಿಗೆ ಡ್ರಿಲ್ ಇಟ್ಟು ಎರಡು ತೂತು ಹೊಡೆದೆ. ತೂತಿನ ಅಂಚಿಗೆ ಪ್ರೈಮರ್ ಹಚ್ಚಬೇಕು ಅನ್ನೋದು ಆಗ ತಲೆಗೇ ಬರಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತೂತಿನ ಸುತ್ತ ಬಣ್ಣ ಉಬ್ಬಿತು, ಅದರ ಅಡಿಯಿಂದ ತುಕ್ಕು ಇಣುಕಿತು. ಆವತ್ತೇ ಒಂದು ನಿಯಮ ಹಾಕಿಕೊಂಡೆ. ನಾನು ಏನೇ ಸೇರಿಸಿದರೂ, ಅದನ್ನು ಬಿಚ್ಚಿದರೆ ಕಾರು ಮೊದಲಿನ ಹಾಗೇ ಆಗಬೇಕು. ತಗಡು ಕೊರೆಯುವಂತಿಲ್ಲ, ಕಾರಿನ ಮೂಲ ವೈರ್ ಕತ್ತರಿಸುವಂತಿಲ್ಲ. ನಿಯಮ ಹಾಕಿಕೊಂಡಷ್ಟು ಸುಲಭವಾಗಿ ಪಾಲಿಸಲಿಲ್ಲ, ಅದನ್ನೂ ಹೇಳುತ್ತೇನೆ.

ಕಾರು ಆಲ್ಟೊ 800, 2014ರ ಮಾಡೆಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 796 ಸಿಸಿ ಎಂಜಿನ್, 12 ಇಂಚಿನ ಚಕ್ರ. ಮೈಸೂರಿನ ಒಳಗಲ್ಲಿಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಡಿಕ್ಕಿ ಮಾತ್ರ 177 ಲೀಟರ್. ಎರಡು ಬ್ಯಾಗ್ ಇಟ್ಟರೆ ಮೂರನೆಯದಕ್ಕೆ ಹಿಂದೆ ಕೂತವರ ಮಡಿಲೇ ಗತಿ. ಕಾರು ತಂದ ವಾರವೇ ಒಂದು ಆಕ್ಸೆಸರೀಸ್ ಅಂಗಡಿಗೆ ಹೋಗಿದ್ದೆ. ಅವರು ಬರೆದುಕೊಟ್ಟ ಪಟ್ಟಿಯ ಮೊತ್ತ ನೋಡಿ, "ಮನೆಯಲ್ಲಿ ಕೇಳಿಕೊಂಡು ಬರ್ತೀನಿ" ಅಂತ ಹೇಳಿ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ನನಗೆ ಜಾಸ್ತಿ ಬೇಕಾಗಿದ್ದು ಡಿಕ್ಕಿಯೊಳಗೆ ಒಂದು ಲೈಟು. ನಂಜನಗೂಡಿಗೆ ಹೋಗಿ ರಾತ್ರಿ ವಾಪಸ್ ಬಂದಾಗಲೆಲ್ಲ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು ಸಾಮಾನು ಇಳಿಸಬೇಕಿತ್ತು. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ ತಂದೆ. ಐದು ಮೀಟರ್ ಸುರುಳಿಯಲ್ಲಿ ನನಗೆ ಬೇಕಾಗಿದ್ದು ಅರ್ಧ ಮೀಟರ್ ಅಷ್ಟೇ. ಉಳಿದದ್ದು ದೇವರ ಮನೆಗೂ ಪಕ್ಕದ ಮನೆಯವರ ಗಣಪತಿ ಮಂಟಪಕ್ಕೂ ಹೋಯಿತು.

ಈ ಸ್ಟ್ರಿಪ್ಪನ್ನು ಬೇಕಾದಲ್ಲಿ ಕತ್ತರಿಸುವ ಹಾಗಿಲ್ಲ. ಮೂರು ಎಲ್‌ಇಡಿಗೆ ಒಂದು ಗುಂಪು, ಗುಂಪು ಮುಗಿದಲ್ಲಿ ಕತ್ತರಿಯ ಗುರುತು ಇರುತ್ತದೆ. ಅಲ್ಲೇ ಕತ್ತರಿಸಬೇಕು. ಯಾಕೆ ಅಂದರೆ ಬಿಳಿ ಎಲ್‌ಇಡಿ ಒಂದೊಂದಕ್ಕೂ ಸುಮಾರು 3 ವೋಲ್ಟ್ ಬೇಕು. ಮೂರು ಸಾಲಾಗಿ ನಿಂತರೆ 9 ಆಯಿತು. ಉಳಿದ 3 ವೋಲ್ಟನ್ನು ಅದೇ ಗುಂಪಿನ ಪುಟ್ಟ ರೆಸಿಸ್ಟರ್ ನುಂಗಿಕೊಳ್ಳುತ್ತದೆ. ಈಗ ಒಂದು ಸಣ್ಣ ತೊಡಕು. ಕಾರಿನದು 12 ವೋಲ್ಟ್ ಅಂತ ನಾವು ಬಾಯಲ್ಲಿ ಹೇಳುತ್ತೇವೆ ಅಷ್ಟೇ. ಎಂಜಿನ್ ಆಫ್ ಇದ್ದಾಗ ಮಲ್ಟಿಮೀಟರ್ ಇಟ್ಟು ನೋಡಿದರೆ 12.6, ಸ್ಟಾರ್ಟ್ ಮಾಡಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅದನ್ನು 14ರ ಮೇಲಕ್ಕೆ ಏರಿಸುತ್ತದೆ. ಹೆಚ್ಚಾದ ವೋಲ್ಟೇಜಿನ ಬಹುಪಾಲು ಆ ಬಡಪಾಯಿ ರೆಸಿಸ್ಟರಿನ ತಲೆಗೇ ಬರುತ್ತದೆ. ಹಾಗಾಗಿ ಕಾರು ಓಡುವಾಗ ಗಂಟೆಗಟ್ಟಲೆ ಉರಿಯುವ ಕಡೆ ಇಂಥ ಸ್ಟ್ರಿಪ್ ಹಾಕಿದರೆ ಬಿಸಿಯಾಗಿ ಬೇಗ ಸಾಯುತ್ತದೆ. ಡಿಕ್ಕಿಗೆ ತೊಂದರೆಯಿಲ್ಲ. ಎಂಜಿನ್ ನಿಲ್ಲಿಸಿ, ಎರಡು ನಿಮಿಷ ತೆಗೆದು ಮುಚ್ಚುತ್ತೇವೆ ಅಲ್ವಾ.

ಡಿಕ್ಕಿ ತೆಗೆದಾಗ ತಾನೇ ಹತ್ತಿಕೊಳ್ಳಲಿ ಅಂತ ಬಾಗಿಲ ಅಲಾರಾಂನಲ್ಲಿ ಬರುವ ಅಯಸ್ಕಾಂತದ ಸ್ವಿಚ್ ತಂದೆ. ಇದರಲ್ಲಿ ಎರಡು ಜಾತಿ. ಅಯಸ್ಕಾಂತ ಹತ್ತಿರ ಬಂದಾಗ ಕರೆಂಟ್ ಬಿಡುವುದು ಒಂದು, ಹತ್ತಿರ ಬಂದಾಗ ತಡೆಯುವುದು ಇನ್ನೊಂದು. ನಮಗೆ ಬೇಕಾದ್ದು ಎರಡನೆಯದು. ನಾನು ತಂದದ್ದು ಮೊದಲನೆಯದು. ಡಿಕ್ಕಿ ತೆಗೆದರೆ ಲೈಟ್ ಹತ್ತಲಿಲ್ಲ. ಕೆಟ್ಟಿದೆ ಅಂದುಕೊಂಡು ಮುಚ್ಚಿ ಮಲಗಿದೆ. ಬೆಳಿಗ್ಗೆ ಅನುಮಾನ ಬಂತು. ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ ಒಳಗಿಟ್ಟು ಡಿಕ್ಕಿ ಮುಚ್ಚಿದೆ. ತೆಗೆದು ನೋಡಿದರೆ, ಒಳಗೆ ಮದುವೆ ಮನೆ ಬೆಳಕು! ರಾತ್ರಿಯಿಡೀ ಹಾಗೇ ಉರಿದಿತ್ತು. ಸದ್ಯ ಅರ್ಧ ಮೀಟರ್ ಎಳೆಯುವುದು ಒಂದು ಆಂಪಿಯರಿನ ಕಾಲು ಭಾಗವೂ ಇಲ್ಲ, ಬ್ಯಾಟರಿ 35 ಆಂಪಿಯರ್ ಅವರ್‌ನದು. ಒಂದು ರಾತ್ರಿಗೆ ಏನೂ ಆಗಲಿಲ್ಲ. ವಾರ ಊರಿಗೆ ಹೋಗಿದ್ದರೆ ಬಂದು ತಳ್ಳಬೇಕಾಗುತ್ತಿತ್ತು.

ಏಟು ತಿಂದದ್ದು ಆಮೇಲೆ. ಈ ಲೈಟಿಗೆ ನಾನು ಕರೆಂಟ್ ತಂದಿದ್ದ ರೀತಿಯೇ ಅದಕ್ಕೆ ಕಾರಣ. ಒಳಗಿನ ರೂಮ್ ಲೈಟಿನ ವೈರ್ ಹತ್ತಿರದಲ್ಲೇ ಇತ್ತು. ಸುಮ್ನೆ ಅದರ ಪ್ಲಾಸ್ಟಿಕ್ ಕೆರೆದು ನನ್ನ ವೈರ್ ಸುತ್ತಿ, ಟೇಪ್ ಹಾಕಿದೆ. ನಿಯಮ ಅಲ್ಲೇ ಮುರಿಯಿತು. ಆ ಕೂದಲಿನಂಥ ವೈರ್ ಡಿಕ್ಕಿ ಬಾಗಿಲಿನ ಹಿಂಜ್ ಪಕ್ಕದಲ್ಲಿ ಹಾದು ಹೋಗುತ್ತಿತ್ತು. ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಕಬ್ಬಿಣಕ್ಕೆ ತಿಕ್ಕಿ ಪ್ಲಾಸ್ಟಿಕ್ ಸವೆಯಿತು. ಒಂದು ದಿನ ಫ್ಯೂಸ್ ಹೋಯಿತು. ನೀಲಿ ಬಣ್ಣದ್ದು, ಅಂದರೆ 15 ಆಂಪಿಯರ್. ಮನೆಯಲ್ಲಿ ಹಳದಿ ಇತ್ತು, 20ರದ್ದು. ಐದು ತಾನೇ ಜಾಸ್ತಿ, ಇರಲಿ ಅಂತ ಅದನ್ನೇ ಚುಚ್ಚಿದೆ. ಮೂರನೇ ದಿನ ಚಾಮುಂಡಿ ಬೆಟ್ಟ ಇಳಿಯುವಾಗ ಹಿಂದೆ ಕೂತ ಅಮ್ಮ, "ಏನೋ ಸುಟ್ಟ ವಾಸನೆ ಬರ್ತಿದೆ ಕಣೋ" ಅಂದರು. ನಾನು ಬ್ರೇಕ್ ಇರಬೇಕು ಅಂದೆ. ನಿಲ್ಲಿಸಿ ಡಿಕ್ಕಿ ತೆಗೆದರೆ ನನ್ನ ವೈರ್ ಕರಗಿ ಕಾರ್ಪೆಟ್ಟಿಗೆ ಅಂಟಿಕೊಂಡಿತ್ತು. ಬ್ಯಾಟರಿ ನೆಗೆಟಿವ್ ಬಿಚ್ಚಿ ಹತ್ತು ನಿಮಿಷ ರಸ್ತೆ ಪಕ್ಕ ಕೂತೆ. ಕೈ ನಡುಗುತ್ತಿತ್ತು.

ನಮ್ಮ ಬೀದಿಯ ಆಟೊ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಅವರು ಬೈಯಲಿಲ್ಲ, ನಕ್ಕರು. "ಸಾರ್, ಫ್ಯೂಸ್ ಕಾಯೋದು ಲೈಟನ್ನಲ್ಲ, ವೈರನ್ನ. ಕೂದಲಿನಂಥ ವೈರ್ ಎಳೆದು ದಪ್ಪ ಫ್ಯೂಸ್ ಹಾಕಿದ್ರೆ ನಿಮ್ಮ ವೈರೇ ಫ್ಯೂಸ್ ಆಗುತ್ತೆ." ಇಷ್ಟು ಚೆನ್ನಾಗಿ ಇದನ್ನು ನನಗೆ ಕಾಲೇಜಿನಲ್ಲೂ ಯಾರೂ ಹೇಳಿರಲಿಲ್ಲ.

ಎರಡನೇ ಸಲ ಮಾಡಿದ್ದು ಹೀಗೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಹಳೇ ವೈರಿನ ಗಾಯ ಮುಚ್ಚಿ, ಫ್ಯೂಸ್ ಬಾಕ್ಸಿನಲ್ಲಿ ಚುಚ್ಚುವ ಫ್ಯೂಸ್ ಟ್ಯಾಪ್ ತಂದೆ. ಇದರಲ್ಲಿ ಎರಡು ಫ್ಯೂಸ್ ಕೂರುತ್ತವೆ. ಕಾರಿನ ಹಳೇ ಫ್ಯೂಸ್ ಒಂದು, ನಮ್ಮ ಹೊಸ ವೈರಿಗೆ ಬೇರೆ ಒಂದು. ನನ್ನ ಲೈಟಿಗೆ 2 ಆಂಪಿಯರ್ ಧಾರಾಳ. ಅರ್ತಿಂಗ್ ವೈರನ್ನು ಬಾಡಿಯಲ್ಲಿ ಮೊದಲೇ ಇದ್ದ ಒಂದು ಬೋಲ್ಟಿನ ಕೆಳಗೆ ಕೂರಿಸಿದೆ. ಜಾಯಿಂಟ್‌ಗಳಿಗೆ ಬೆಸುಗೆ ಹಾಕಿ ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ತೊಡಿಸಿದೆ. ಕರಿ ಇನ್ಸುಲೇಷನ್ ಟೇಪ್ ಬೇಸಿಗೆಯಲ್ಲಿ ಅಂಟು ಬಿಟ್ಟು ಜಾರುತ್ತದೆ, ನಂಬಬೇಡಿ. ಹಿಂಜ್ ಹತ್ತಿರ ವೈರನ್ನು ಕಾರಿನ ಮೂಲ ವೈರ್‌ಗಳು ಹೋಗುವ ರಬ್ಬರ್ ಕೊಳವೆಯೊಳಗಿಂದಲೇ ತೂರಿಸಿದೆ. ಸಾಬೂನು ನೀರು ಹಚ್ಚಿ ಗಟ್ಟಿ ತಂತಿಗೆ ಕಟ್ಟಿ ಎಳೆದರೂ ಅದೊಂದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಮೊದಲ ಸಲ ಹಿಂಜ್ ಪಕ್ಕ ಹಾಯಿಸಿದ್ದು ಈ ಸೋಮಾರಿತನಕ್ಕೇ.

ಇನ್ನು ಇಲಿಯ ಕಥೆ. ಕಾರು ನಿಲ್ಲಿಸುವುದು ಮನೆ ಮುಂದಿನ ಹೊಂಗೆ ಮರದ ಕೆಳಗೆ, ಪಕ್ಕದಲ್ಲೇ ಚರಂಡಿ. ಒಂದು ದಿನ ಗಾಜಿಗೆ ನೀರು ಚಿಮ್ಮುವ ಪೈಪ್ ಕಡಿದುಹೋಯಿತು. ಬಾನೆಟ್ ತೆಗೆದರೆ ಬ್ಯಾಟರಿ ಪಕ್ಕದಲ್ಲಿ ಅರ್ಧ ತಿಂದ ಚಪಾತಿ! ನಮ್ಮ ಕಡೆ ಎಲ್ಲರೂ ಹೇಳುವ ಮದ್ದು ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ ತಂಬಾಕಿನ ಸೀಮೆ, ಎಲೆಗೇನು ಬರವಿಲ್ಲ. ಒಂದು ಹಿಡಿ ತಂದು ಬಟ್ಟೆಯಲ್ಲಿ ಕಟ್ಟಿ ಬಾನೆಟ್ ಒಳಗೆ ನೇತುಹಾಕಿದೆ. ಒಂದು ವಾರ ಇಲಿ ಬರಲಿಲ್ಲ. ಎರಡನೇ ವಾರ ಬಂದು ಆ ಗಂಟಿನ ಬಟ್ಟೆಯನ್ನೇ ಕಡಿದು ಹಾಕಿತ್ತು. ಒಣಗಿದ ಎಲೆ ಸೈಲೆನ್ಸರ್ ಪೈಪ್ ಮೇಲೆ ಉದುರಿದರೆ ಬೆಂಕಿಯ ಭಯ ಬೇರೆ. ತೆಗೆದು ಬಿಸಾಡಿದೆ.

ಕೆಲಸಕ್ಕೆ ಬಂದದ್ದು ಹಾರ್ಡ್‌ವೇರ್ ಅಂಗಡಿಯ ಜಾಲರಿ. ಕೋಳಿ ಗೂಡಿನ ದೊಡ್ಡ ಕಣ್ಣಿನದಲ್ಲ, ಅದರಲ್ಲಿ ಮರಿ ಇಲಿ ನುಗ್ಗುತ್ತದೆ. ಕಾಲು ಇಂಚಿನ ಕಣ್ಣಿನದು. ಎಸಿ ಬ್ಲೋವರ್ ಹೊರಗಾಳಿ ಎಳೆಯುವ ಬಾಯಿಗೆ ಒಂದು ತುಂಡು, ಬ್ಯಾಟರಿ ತಟ್ಟೆಯ ಕೆಳಗಿನ ಸಂದಿಗೆ ಇನ್ನೊಂದು. ಅಂಚನ್ನು ಮಡಚಿ, ಕೇಬಲ್ ಟೈ ಹಾಕಿ ಬಿಗಿದೆ. ಬೆಲ್ಟ್, ರೇಡಿಯೇಟರ್ ಫ್ಯಾನ್, ಸೈಲೆನ್ಸರ್ ಪೈಪ್, ಈ ಮೂರರ ಹತ್ತಿರ ಜಾಲರಿಯೂ ಬೇಡ, ಟೈ ಕೂಡ ಬೇಡ. ಜೊತೆಗೆ ಕಾಂಪೌಂಡ್ ಒಳಗೆ ನಿಲ್ಲಿಸಿದ ರಾತ್ರಿ ಬಾನೆಟ್ ಎತ್ತಿಡುತ್ತೇನೆ. ಇಲಿಗೆ ಬೇಕಾದ್ದು ಕತ್ತಲೆ, ಬೆಚ್ಚಗಿನ ಮೂಲೆ. ಅದೆರಡೂ ಇಲ್ಲದಿದ್ದರೆ ಬಾಡಿಗೆಯಿಲ್ಲದ ಮನೆಯಾದರೂ ಅದಕ್ಕೆ ಬೇಡ. ಬೆಳಿಗ್ಗೆ ಹಾಲಿನವರು ಮಾತ್ರ ದಿನಾ ಕೇಳುತ್ತಾರೆ, "ಏನ್ ಸಾರ್, ಗಾಡಿ ಮತ್ತೆ ಕೆಟ್ಟೋಯ್ತಾ?"

ಕಟಕಟ ಸದ್ದು ಹುಡುಕಿದ್ದು ಮನೆಯವಳು. ಹಂಪ್ ಹಾರಿಸಿದಾಗಲೆಲ್ಲ ಹಿಂದಿನಿಂದ ಸದ್ದು. ನಾನು ನಿಧಾನಕ್ಕೆ ಓಡಿಸುವುದು, ಅವಳು ಹಿಂದೆ ಕೂತು ಒಂದೊಂದೇ ಪ್ಯಾನೆಲ್ ಒತ್ತಿ ಹಿಡಿಯುವುದು. ಒತ್ತಿದಾಗ ಸದ್ದು ನಿಂತರೆ ಕಳ್ಳ ಸಿಕ್ಕ ಹಾಗೆ. ಒಂದು ಕಳ್ಳ ಜಾಕ್‌ನ ಹಿಡಿ. ಇನ್ನೊಂದು ಸೀಟ್ ಬೆಲ್ಟಿನ ಬಕಲ್, ಬೆಲ್ಟ್ ಹಾಕದೆ ಖಾಲಿ ಇದ್ದಾಗ ಪ್ಲಾಸ್ಟಿಕ್ಕಿಗೆ ಬಡಿಯುತ್ತಿತ್ತು. ಪರಿಹಾರ, ಪಂಕ್ಚರ್ ಅಂಗಡಿಯಲ್ಲಿ ಬಿಟ್ಟಿ ಸಿಕ್ಕ ಹಳೇ ಸೈಕಲ್ ಟ್ಯೂಬ್. ಜಾಕ್ ಹಿಡಿಗೆ ಟ್ಯೂಬನ್ನೇ ಸಾಕ್ಸಿನ ಹಾಗೆ ತೊಡಿಸಿದೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗುವ ಕಡೆ ಚಿಕ್ಕ ಚಿಕ್ಕ ಚೂರು ಅಂಟಿಸಿದೆ. ಸೈಕಲ್ ಟ್ಯೂಬಿನಷ್ಟು ಉಪಕಾರಿ ವಸ್ತು ಕಾರಿಗೆ ಇನ್ನೊಂದಿಲ್ಲ ಅನ್ನುವುದು ನನ್ನ ನಂಬಿಕೆ.

ಬಾಟಲಿ ಹಿಡಿಕೆ ಮಾಡಿದ್ದು ಭಯದಿಂದ. ಒಮ್ಮೆ ಸ್ಟೀಲ್ ಬಾಟಲಿ ಸೀಟಿನಿಂದ ಉರುಳಿ ಬ್ರೇಕ್ ಪೆಡಲ್ ಅಡಿಗೆ ಹೋಯಿತು. ಸಿಗ್ನಲ್ಲಿನಲ್ಲಿ ನಿಂತಿದ್ದೆ, ಬಚಾವ್. ಬಾತ್‌ರೂಮ್ ರಿಪೇರಿಯಲ್ಲಿ ಉಳಿದ 75 ಎಂಎಂ ಪಿವಿಸಿ ಪೈಪ್ ಇತ್ತು. ಒಂದು ಗೇಣು ಕತ್ತರಿಸಿ, ತಳಕ್ಕೆ ಎಂಡ್ ಕ್ಯಾಪ್ ಹಾಕಿ, ಒಳಗೆ ಹಳೇ ಯೋಗ ಮ್ಯಾಟಿನ ತುಂಡು ಸುತ್ತಿದೆ. ಹ್ಯಾಂಡ್ ಬ್ರೇಕ್ ಹಿಂದೆ ವೆಲ್ಕ್ರೊ ಪಟ್ಟಿಯಿಂದ ನಿಲ್ಲಿಸಿದೆ. ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಮೊಣಕೈ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಜಾಗ ಗೊತ್ತು ಮಾಡಿದ್ದು. ನೋಡಲು ಪ್ಲಂಬಿಂಗ್ ಕೆಲಸದ ಹಾಗೇ ಇದೆ. ಅಮ್ಮನ ಕಾಫಿ ಫ್ಲಾಸ್ಕ್ ಅದರಲ್ಲಿ ಸರಿಯಾಗಿ ಕೂರುತ್ತದೆ, ಹಾಗಾಗಿ ಯಾರೂ ತಕರಾರು ಮಾಡುವ ಹಾಗಿಲ್ಲ.

ಬಿಸಿಲಿಗೆ, ಬೆಳ್ಳಿ ಬಣ್ಣದ ಬಬಲ್ ಶೀಟ್. ಮುಂದಿನ ಗಾಜಿಗೆ ಒಳಗಿನಿಂದ ಹಳೇ ಪೇಪರ್ ಹಿಡಿದು, ಅಂಚು ಮಡಚಿ ಅಳತೆ ತೆಗೆದು, ಅದನ್ನೇ ಶೀಟಿನ ಮೇಲಿಟ್ಟು ಕತ್ತರಿಸಿದರೆ ಆಯಿತು. ಟೇಪ್ ಹಿಡಿದು ಅಳೆಯಲು ಹೋದರೆ ಸೊಟ್ಟ ಆಗುತ್ತದೆ. ಬ್ಲೈಂಡ್ ಸ್ಪಾಟಿಗೆ, ಅಂದರೆ ಪಕ್ಕದ ಕನ್ನಡಿಯಲ್ಲಿ ಕಾಣದ ಜಾಗಕ್ಕೆ, ದುಂಡು ಕನ್ನಡಿ ಅಂಟಿಸುವುದು ಐದು ನಿಮಿಷದ ಕೆಲಸ. ಹಿಂದಿನ ಸೀಟಿನ ಬೆನ್ನಿಗೆ ಪ್ಲೈವುಡ್ ತಟ್ಟೆಯೊಂದನ್ನೂ ಮಾಡಿದ್ದೆ, ಒಂದು ತಿಂಗಳಿಗೆ ತೆಗೆದೆ. ಅದರ ಮೇಲೆ ಮನೆಯವರು ಛತ್ರಿ, ತೆಂಗಿನಕಾಯಿ ಎಲ್ಲ ಇಡಲು ಶುರುಮಾಡಿದರು. ಜೋರಾಗಿ ಬ್ರೇಕ್ ಹಾಕಿದರೆ ಆ ತೆಂಗಿನಕಾಯಿ ನೇರ ತಲೆಗೇ ಬರುತ್ತದೆ.

ಕೆಲವಕ್ಕೆ ಕೈ ಹಾಕಲಿಲ್ಲ. ಕಪ್ಪು ಫಿಲ್ಮ್ ಅಂಟಿಸೋಣ ಅಂತ ಭಾವ ತುಂಬಾ ಹೇಳಿದರು. 2012ರ ಏಪ್ರಿಲ್‌ನಲ್ಲೇ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಅಂಟಿಸಬಾರದು ಅಂದಿತು. ಗಾಜು ಮುಂದೆ ಹಿಂದೆ ಶೇ 70, ಪಕ್ಕದಲ್ಲಿ ಶೇ 50 ಬೆಳಕು ಬಿಡಬೇಕು ಅನ್ನುವುದು ನಿಯಮ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿದರೆ ನೋಡಲು ಗಟ್ಟಿಮುಟ್ಟು. ಆದರೆ ಅದನ್ನು ಹಾಕಿದವರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಹೇಳಿದೆ. ಅಪಘಾತವಾದರೆ ಪೆಟ್ಟು ನೇರ ಚಾಸಿಸ್‌ಗೆ ಹೋಗುತ್ತದೆ, ಅಡ್ಡ ಬಂದ ಮನುಷ್ಯನಿಗಂತೂ ಕೇಳುವುದೇ ಬೇಡ. ಹೆಡ್‌ಲೈಟಿಗೂ 60/55 ವಾಟಿನ ಬಲ್ಬ್ ಬಿಟ್ಟು 100/90ರದ್ದು ಹಾಕಲಿಲ್ಲ. ತೆಳು ವೈರಿನ ಪಾಠ ಒಂದು ಸಲ ಸಾಕು.

ಆ ಎರಡು ತೂತು ಮಾತ್ರ ಹಾಗೇ ಇವೆ. ಪ್ರತಿ ಮೇ ತಿಂಗಳಲ್ಲಿ ಮಡ್ ಫ್ಲ್ಯಾಪ್ ಬಿಚ್ಚಿ, ಉಪ್ಪು ಕಾಗದದಲ್ಲಿ ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬಣ್ಣ ಕೊಟ್ಟು ಮತ್ತೆ ಸ್ಕ್ರೂ ಬಿಗಿಯುತ್ತೇನೆ. ಈ ವರ್ಷ ಪ್ರೈಮರ್ ಡಬ್ಬ ತೆಗೆದರೆ ಒಳಗೆ ಗಟ್ಟಿಯಾಗಿ ಕಲ್ಲಾಗಿದೆ. ಹೊಸದು ತರಬೇಕು, ಆಗಲೇ ಮೋಡ ಕಟ್ಟುತ್ತಿದೆ.